ತೀರಿಕೊಂಡ ಆಯಿಯ ಬದುಕನ್ನು ಬರೆದಿಡಬೇಕು, ಎಲ್ಲಿಂದ ಶುರು ಮಾಡಲಿ?

ಪ್ರಶ್ನೆ (ಕೋಥ್ರೂಡ್, ಪುಣೆ):
ನಮ್ಮ ಆಯಿ, ಅಂದರೆ ಅಜ್ಜಿ, ಹೋದ ತಿಂಗಳು ತೀರಿಕೊಂಡರು. ತೊಂಬತ್ತು ದಾಟಿತ್ತು. ವಿಜಯಪುರದ ಹತ್ತಿರ ಎರೆಹೊಲ, ಮಳೆ ನಂಬಿದ ಒಕ್ಕಲುತನ. ಅಜ್ಜ ಬೇಗ ಹೋದ ಮೇಲೆ ಅವರೇ ಎಲ್ಲಾ ನೋಡಿಕೊಂಡರು. ಬಿಳಿಜೋಳದ ಬೀಜಕ್ಕೆ ಬೂದಿ ಬೆರೆಸಿ, ಗಡಿಗೆಗೆ ತುಂಬಿ, ಬಾಯಿಗೆ ಸಗಣಿ ಮೆತ್ತಿ ಇಡುತ್ತಿದ್ದರು. ಆ ಗಡಿಗೆ ಮುಟ್ಟಲು ಯಾರಿಗೂ ಬಿಡುತ್ತಿರಲಿಲ್ಲ. ಪುಣೆಗೆ ಬಂದರೂ ಗ್ಯಾಲರಿಯಲ್ಲಿ ನಿಂತು ಮೋಡ ನೋಡಿ, "ಊರಾಗ ಮಳಿ ಆತೇನು, ಕೇಳು" ಅನ್ನುತ್ತಿದ್ದರು. ನನ್ನ ಮಕ್ಕಳಿಗೆ ಇದೆಲ್ಲ ಗೊತ್ತಾಗಬೇಕು, ಅಲ್ವಾ?

ಉತ್ತರ (ಹಡಪ್ಸರ್):
1972ರ ಬರದಿಂದ ಶುರು ಮಾಡಿ ಅಕ್ಕಾ. ಮಹಾರಾಷ್ಟ್ರ, ಉತ್ತರ ಕರ್ನಾಟಕ ಎರಡೂ ಕಡೆ ಮಳೆ ಕೈಕೊಟ್ಟ ಕಾಲ. ನಮ್ಮ ಅವ್ವ ಬರಗಾಲದ ಕಾಮಗಾರಿಯಲ್ಲಿ ಖಡಿ (ಜಲ್ಲಿಕಲ್ಲು) ಒಡೆದವಳು. ಊರಿನ ಹಿರಿಯರನ್ನು ಈಗಲೇ ಕೇಳಿ, ಫೋನಿನಲ್ಲೇ ರೆಕಾರ್ಡ್ ಮಾಡಿಕೊಳ್ಳಿ.

ಉತ್ತರ (ಪಿಂಪ್ರಿ):
ಎಳ್ಳಮಾವಾಸ್ಯೆಯ ಚರಗ, ಅಂದರೆ ಹೊಲದಲ್ಲಿ ಎಡೆ ಚೆಲ್ಲುವ ಪದ್ಧತಿ, ಬಿಡಬೇಡಿ. ಸಜ್ಜೆ ಕಡುಬು, ಎಣ್ಣೆಗಾಯಿ, ಶೇಂಗಾ ಹೋಳಿಗೆ ಹೊತ್ತು ಹೊಲಕ್ಕೆ ಹೋಗುವವರು ಅವರೇ ತಾನೆ. ಇನ್ನೊಂದು, ಹೊಲ ಯಾರ ಹೆಸರಲ್ಲಿತ್ತು ಅಂತ ನೋಡಿ. ದುಡಿದವರು ಹೆಂಗಸರು, ಉತಾರದಲ್ಲಿ (ಹೊಲದ ದಾಖಲೆಯಲ್ಲಿ) ಹೆಸರು ಗಂಡಸರದು. ಅದನ್ನೂ ಬರೆಯಲೇಬೇಕು.

ಕೇಳಿದವರು:
ಇದು ಹೊಳೆದೇ ಇರಲಿಲ್ಲ. ಕಾಕಾಗೆ ಹೇಳಿ ಹಳೆ ಉತಾರ ತರಿಸುತ್ತೇನೆ.