ಸಹಾಯ ಬೇಕು: ತಪಾಸಣೆಯಲ್ಲಿ ಸೂಚಿಸಿದ ಶಾಲಾ ದುರಸ್ತಿಯನ್ನು ಯಾರ ಬಳಿ ಕೇಳಬೇಕು?

ನಾನು ನಮ್ಮೂರಿನ ಸರ್ಕಾರಿ ಕಿರಿಯ ಪ್ರಾಥಮಿಕ ಶಾಲೆಯ ಎಸ್‌ಡಿಎಂಸಿ (ಶಾಲಾ ಅಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಸದಸ್ಯ. ಜೂನ್‌ನಲ್ಲಿ ತಪಾಸಣೆಗೆ ಬಂದ ಅಧಿಕಾರಿಗಳು, ಹೆಣ್ಣುಮಕ್ಕಳ ಶೌಚಾಲಯಕ್ಕೆ ನೀರಿನ ಸಂಪರ್ಕ ಕೊಡಿಸಬೇಕು, ಮೂರನೇ ತರಗತಿಯ ಕೋಣೆಯಲ್ಲಿ ಸೋರುವ ಹೆಂಚುಗಳನ್ನು ಬದಲಿಸಬೇಕು ಎಂದು ಸಂದರ್ಶನ ಪುಸ್ತಕದಲ್ಲಿ ಬರೆದು ಸಹಿ ಹಾಕಿ ಹೋದರು. ಐದು ತಿಂಗಳಾಯಿತು, ಮಳೆ ಬಂದರೆ ಮಕ್ಕಳು ಈಗಲೂ ಬೆಂಚು ಸರಿಸಿ ಬಕೆಟ್ ಇಡುತ್ತಾರೆ.

ಸಭೆಯಲ್ಲಿ ನಿರ್ಣಯ ಮಾಡಿ ಕ್ಷೇತ್ರ ಶಿಕ್ಷಣಾಧಿಕಾರಿಗಳ ಕಚೇರಿಗೆ ಎರಡು ಬಾರಿ ಮನವಿ ಕೊಟ್ಟೆವು. ಸ್ವೀಕೃತಿಯ ಮೊಹರು ಮಾತ್ರ ಚೆನ್ನಾಗಿ ಬಿದ್ದಿದೆ. ಅಲ್ಲಿ ಪಂಚಾಯಿತಿಯನ್ನು ಕೇಳಿ ಎನ್ನುತ್ತಾರೆ, ಪಂಚಾಯಿತಿಯವರು ಅದು ಇಲಾಖೆಯ ಕಟ್ಟಡ ಎನ್ನುತ್ತಾರೆ.

ಶಿಕ್ಷಣ ಹಕ್ಕು ಕಾಯ್ದೆ 2009ರ 32ನೇ ಕಲಮಿನಡಿ ಸ್ಥಳೀಯ ಪ್ರಾಧಿಕಾರಕ್ಕೆ ಲಿಖಿತ ದೂರು ಕೊಟ್ಟರೆ ಮೂರು ತಿಂಗಳೊಳಗೆ ತೀರ್ಮಾನವಾಗಬೇಕು. ನಾವು ನೇರವಾಗಿ ಆ ದೂರನ್ನೇ ಸಲ್ಲಿಸಬೇಕೇ, ಅಥವಾ ತಪಾಸಣಾ ವರದಿಯ ಮೇಲೆ ಕೈಗೊಂಡ ಕ್ರಮವನ್ನು ಮೊದಲು ಮಾಹಿತಿ ಹಕ್ಕಿನಡಿ ಕೇಳಬೇಕೇ? ಅನುಭವವಿದ್ದವರು ದಯವಿಟ್ಟು ತಿಳಿಸಿ.