ಸಹಾಯ ಬೇಕು: ಹಾಯಿದೋಣಿಯಲ್ಲಿ ಬ್ಯಾಟರಿ ಚಾರ್ಜ್ ಆಗುತ್ತಿಲ್ಲ

ಹಾಸನದಲ್ಲಿ ಕೂತು ಸಮುದ್ರದ ಪ್ರಶ್ನೆ ಕೇಳ್ತಿದ್ದೇನೆ, ನಗಬೇಡಿ! ಗೋವಾದಿಂದ ಕೊಚ್ಚಿಗೆ ಗೆಳೆಯರ ಹಾಯಿದೋಣಿಯಲ್ಲಿ ಹೋಗುವಾಗ, ದಡ ಕಾಣದಷ್ಟು ದೂರದಲ್ಲಿ ಆಟೋಪೈಲಟ್ ನಿಂತಿತು. ಬ್ಯಾಟರಿ 11.8 ವೋಲ್ಟ್‌ಗೆ ಇಳಿದಿತ್ತು, ಎಂಜಿನ್ ಓಡಿಸಿದರೂ ಏರಲಿಲ್ಲ. ಫ್ರಿಜ್ ಆಫ್ ಮಾಡಿ, ಜಿಪಿಎಸ್, ವಿಎಚ್‌ಎಫ್ ರೇಡಿಯೋ, ದೀಪಕ್ಕಷ್ಟೇ ಕರೆಂಟ್ ಉಳಿಸಿ, ಸರದಿಯಲ್ಲಿ ಚುಕ್ಕಾಣಿ ಹಿಡಿದು ಕೊಚ್ಚಿ ಸೇರಿದೆವು.

ಬೆಲ್ಟ್ ಬಿಗಿ ಮಾಡಿ, ಟರ್ಮಿನಲ್ ಉಜ್ಜಿ ಆಯಿತು. ಬ್ಯಾಟರಿ ಚಾರ್ಜ್ ಮಾಡುವ ಆಲ್ಟರ್ನೇಟರ್ ಬಿಚ್ಚಿ ಹಾಸನಕ್ಕೇ ತಂದೆ. ಎನ್.ಆರ್. ಸರ್ಕಲ್ ಹತ್ತಿರದ ಆಟೋ ಎಲೆಕ್ಟ್ರಿಷಿಯನ್ ತಿರುಗಿಸಿ ನೋಡಿದರು: 14.2 ವೋಲ್ಟ್! "ಇದರಲ್ಲೇನೂ ಇಲ್ಲ ಸಾರ್, ವೈರಿಂಗ್ ನೋಡಿ" ಅಂದರು.

ಕೀ ಆನ್ ಮಾಡಿದಾಗ ಚಾರ್ಜ್ ದೀಪ ಹೊತ್ತುವುದೇ ಇಲ್ಲ. ಆ ಬಲ್ಬ್ ಹೋದರೂ ಚಾರ್ಜ್ ನಿಲ್ಲುತ್ತೆ ಅಂತ ಒಬ್ಬರು, ಎರಡು ಬ್ಯಾಟರಿ ನಡುವಿನ ಡಯೋಡ್ (ಕರೆಂಟನ್ನು ಒಂದೇ ದಿಕ್ಕಿಗೆ ಬಿಡುವ ಭಾಗ) ಸುಟ್ಟಿದೆ ಅಂತ ಇನ್ನೊಬ್ಬರು. ಮುಂದಿನ ಪಯಣ ಮಾಲ್ಡೀವ್ಸ್‌ಗೆ, ಅದೂ ಮಳೆಗಾಲಕ್ಕೆ ಮೊದಲು.

ಇವೆರಡರಲ್ಲಿ ಯಾವುದು ಅಂತ ಬರೀ ಮಲ್ಟಿಮೀಟರ್‌ನಲ್ಲಿ ತಿಳಿಯಬಹುದಾ? ಎಲ್ಲೆಲ್ಲಿ ಹಿಡಿದು ನೋಡಬೇಕು?