ದುಃಖದ ಮೇಲೆ ಪ್ರಾಜೆಕ್ಟ್, ಆದರೆ ದುಃಖ ಅಂತ ಯಾರೂ ಬರುತ್ತಿಲ್ಲ. ಏನು ಮಾಡಲಿ?

ಕೇಳಿದವರು: ಎಂಎಸ್‌ಡಬ್ಲ್ಯೂ (ಸಮಾಜಕಾರ್ಯ ಸ್ನಾತಕೋತ್ತರ) ವಿದ್ಯಾರ್ಥಿನಿ, ಹಾಸನ

ಎಲ್ಲರಿಗೂ ನಮಸ್ಕಾರ. ಕೊನೆಯ ಸೆಮಿಸ್ಟರ್‌ನಲ್ಲಿದ್ದೇನೆ. ಮನೆಯಲ್ಲಿ ಸಾವಾದವರು ಅಪಾಯಿಂಟ್‌ಮೆಂಟ್ ಇಲ್ಲದೆ ನೇರವಾಗಿ ಆಪ್ತಸಮಾಲೋಚನೆಗೆ ಬಂದರೆ ಅವರಿಗೆ ಏನು ಸಿಗುತ್ತದೆ ಅನ್ನೋದು ನನ್ನ ಪ್ರಾಜೆಕ್ಟ್. ಒಂದು ಸಂಸ್ಥೆಯ ಕೇಂದ್ರದಲ್ಲಿ ಕೂರುತ್ತಿದ್ದೇನೆ. ಬಾಗಿಲಲ್ಲಿ 'ದುಃಖದಲ್ಲಿರುವವರಿಗೆ ಉಚಿತ ಆಪ್ತಸಮಾಲೋಚನೆ' ಅಂತ ಬೋರ್ಡ್ ಇದೆ. ಆರು ವಾರದಲ್ಲಿ ಬಂದಿದ್ದು ನಾಲ್ಕೇ ಜನ. ಎರಡನೇ ಸಲ ಒಬ್ಬರೂ ಬರಲಿಲ್ಲ. ಗೈಡ್ 40 ಜನ ಬೇಕು ಅಂತಾರೆ. ಇಂಗ್ಲಿಷ್ ಪ್ರಶ್ನಾವಳಿಯನ್ನು ಕನ್ನಡಕ್ಕೆ ಮಾಡಿಕೊಂಡಿದ್ದೇನೆ, ಅದನ್ನು ಜೋರಾಗಿ ಓದುವಾಗ ನನಗೇ ಮುಜುಗರ ಆಗುತ್ತೆ. ಟಾಪಿಕ್ ಬದಲಾಯಿಸಲಾ? ಈ ಕೆಲಸ ಮಾಡಿದವರು, ಸಮಾಲೋಚನೆಗೆ ಹೋಗಿ ಬಂದವರು, ಯಾರಾದರೂ ಹೇಳಿ.

ಆಪ್ತಸಮಾಲೋಚಕಿ, ಮಂಡ್ಯ ಜಿಲ್ಲೆ

ಟಾಪಿಕ್ ಇರಲಿ, ಮೊದಲು ಆ ಬೋರ್ಡ್ ತೆಗೆಸಿ. ನಾಲ್ಕು ಜನರ ಕಣ್ಣೆದುರು ಆ ಬೋರ್ಡಿನ ಕೆಳಗೆ ನುಗ್ಗಿ ಒಳಗೆ ಬರುವುದು ಎಷ್ಟು ಕಷ್ಟ ಗೊತ್ತಾ? ನಮ್ಮ ಕಡೆ 'ನನಗೆ ದುಃಖ' ಅಂತ ಯಾರು ಬರುತ್ತಾರೆ? ನಿದ್ದೆ ಇಲ್ಲ ಅಂತ ಬರುತ್ತಾರೆ. ಎದೆ ಹಿಡಿದ ಹಾಗಾಗುತ್ತೆ, ಇಸಿಜಿ ಮಾಡಿಸಿದೆ, ಏನೂ ಇಲ್ಲ ಅಂದರು ಅಂತ ಬರುತ್ತಾರೆ. ಮಗ ಸ್ಕೂಲಿಗೆ ಹೋಗಲ್ಲ ಅಂತಾನೆ ಅಂತ ಬರುತ್ತಾರೆ. ಅದಕ್ಕಿಂತ ಜಾಸ್ತಿ ಜನ ಬರುವುದು ಕಾಗದಕ್ಕೆ. ಮರಣ ಪ್ರಮಾಣಪತ್ರ, ವಂಶವೃಕ್ಷ, ಪೌತಿ ಖಾತೆ, ವಿಧವಾ ವೇತನ. ಸಾವನ್ನು 21 ದಿನದೊಳಗೆ ನೋಂದಾಯಿಸಬೇಕು, ಆ 21 ದಿನದಲ್ಲೇ ಹಾಲು ತುಪ್ಪ, ಹನ್ನೊಂದನೇ ದಿನ ಎಲ್ಲಾ ಬರುತ್ತೆ. ಅಷ್ಟರಲ್ಲಿ ಯಾರಿಗೆ ನೆನಪಿರುತ್ತೆ? ಆಮೇಲೆ ಓಡಾಟ ಶುರು.

ಒಂದು ಸಲ ಒಬ್ಬ ಹೆಂಗಸು ಪ್ಲಾಸ್ಟಿಕ್ ಕವರಿನಲ್ಲಿ ಆಧಾರ್, ಪಹಣಿ, ರೇಷನ್ ಕಾರ್ಡ್ ಎಲ್ಲಾ ಹಿಡಿದುಕೊಂಡು ಬಂದರು. ಖಾತೆ ಅರ್ಜಿ ಬರೆದುಕೊಡಿ ಅಂದರು. ನಾನು ಬರೆಯುತ್ತಾ 'ಮೃತರ ಹೆಸರು' ಅನ್ನೋ ಕಡೆ ಬಂದೆ. 'ಅಲ್ಲಿ ಅವರ ಹೆಸರು ಬರೀಬೇಡಿ ಮೇಡಂ, ಒಂಚೂರು ತಡೀರಿ' ಅಂದರು. ಪೆನ್ನು ಕೆಳಗಿಟ್ಟೆ. ಗಂಡ ಹೋಗಿ ಮೂರು ತಿಂಗಳಾಗಿತ್ತು. ಆ ಒಂದು ಗೆರೆಯ ಮುಂದೆ ಒಂದು ಗಂಟೆ ಕೂತೆವು. ಕಬ್ಬಿನ ಬಾಕಿ, ನಾದಿನಿ ಆಡಿದ ಮಾತು, ಆಸ್ಪತ್ರೆಗೆ ಹೋಗುವಾಗ ಆತ ಚಪ್ಪಲಿ ಬಿಟ್ಟು ಹೋಗಿದ್ದು, ಎಲ್ಲಾ ಹೇಳಿದರು. ಆಮೇಲೆ ಅವರೇ ಹೆಸರು ಹೇಳಿ ಬರೆಸಿದರು. ಮತ್ತೆ ಬರಲೇ ಇಲ್ಲ. ಯಾವತ್ತೋ ಬಸ್ ಸ್ಟ್ಯಾಂಡಿನಲ್ಲಿ ಸಿಕ್ಕಾಗ ಖಾತೆ ಆಯ್ತಾ ಅಂದೆ. 'ಆಯ್ತು, ನನ್ನ ಹೆಸರಿಗೇ ಬಂತು' ಅಂದರು ಅಷ್ಟೇ, ಆ ದಿನದ ಮಾತೇ ಎತ್ತಲಿಲ್ಲ. ನಮ್ಮ ರಿಜಿಸ್ಟರ್‌ನಲ್ಲಿ ಅದು 'ಅರ್ಜಿ ಬರೆದುಕೊಡಲಾಯಿತು'. ನಿಮ್ಮ ಕೇಂದ್ರದ ರಿಜಿಸ್ಟರ್ ತೆಗೆದು ನೋಡಿ, ಇಂಥವು ಎಷ್ಟು ಸಿಗುತ್ತವೆ ಅಂತ. ಆರು ವಾರದಲ್ಲಿ ನಾಲ್ಕು ಜನ ಅನ್ನೋ ಲೆಕ್ಕ ನಾನಂತೂ ಒಪ್ಪಲ್ಲ.

ಇನ್ನೊಂದು, ಯಾವಾಗ ಕೂರುತ್ತೀರಿ ಅನ್ನೋದು. ಹನ್ನೊಂದನೇ ದಿನದ ತನಕ ಮನೆ ತುಂಬ ಜನ. ಶಾಮಿಯಾನ ಬಿಚ್ಚಿ, ಬಾಡಿಗೆ ಪಾತ್ರೆ ವಾಪಸ್ ಹೋಗಿ, ತಂಗಿ ಮನೆಯವರೂ ಬಸ್ಸು ಹತ್ತಿದ ಮೇಲೆ ಇರುವುದು ನಿಜವಾದ ಕಷ್ಟ. ಮತ್ತೆ ಮೊದಲನೇ ಪಿತೃಪಕ್ಷ. ನಮ್ಮ ಕಡೆ ಎಡೆಗೆ ಹೋದವರಿಗೆ ಇಷ್ಟವಾದದ್ದೆಲ್ಲ ಇಡುತ್ತಾರೆ, ಹೊಸ ಪಂಚೆ, ಬಾಡೂಟ, ಬೀಡಿ ಕಟ್ಟು, ಕೆಲವು ಕಡೆ ಒಂದು ಕ್ವಾರ್ಟರ್ ಕೂಡ. ಆ ಹದಿನೈದು ದಿನ ನಮ್ಮಲ್ಲಿಗೆ ಬರುವವರೇ ಬೇರೆ.

ಪ್ರಶ್ನಾವಳಿ ನೀವು ಹೇಳಿದ್ದು ಬಿಡದೆ ಕಾಡುವ ದುಃಖವನ್ನು ಅಂಕ ಹಾಕಿ ಅಳೆಯುವ, 1995ರ 19 ಪ್ರಶ್ನೆಯದ್ದಾ? ಹೋದವರ ದನಿ ಕೇಳಿಸುತ್ತಾ, ಎದುರಿಗೆ ನಿಂತ ಹಾಗೆ ಕಾಣುತ್ತಾ ಅಂತೆಲ್ಲಾ ಇದೆ ಅದರಲ್ಲಿ. ನಾನೂ ಒಂದು ಕಾಲಕ್ಕೆ ಅದನ್ನು ಹಿಡಿದು ತಿರುಗಿದವಳೇ. ಒಬ್ಬ ಅಜ್ಜಿಗೆ ಅಂಕ ಜೋರಾಗಿ ಬಂತು, ನಾನು ಗಾಬರಿಯಾಗಿ ತಾಲ್ಲೂಕು ಆಸ್ಪತ್ರೆಗೆ ಮಂಗಳವಾರದ ಮನೋಚೈತನ್ಯ ಕ್ಲಿನಿಕ್‌ಗೆ, ಅಂದರೆ ಮಾನಸಿಕ ಆರೋಗ್ಯ ನೋಡುವಲ್ಲಿಗೆ, ಕಳಿಸಿದೆ. ಅಜ್ಜಿಗೆ ಇದ್ದಿದ್ದು ಒಂದೇ ಕೊರಗು, ಪಿಂಡವನ್ನು ಕಾಗೆ ಮುಟ್ಟಲಿಲ್ಲ. ಅದಕ್ಕೇ ಯಜಮಾನರು ಕನಸಿಗೆ ಬಂದು ಬಾಗಿಲ ಹತ್ತಿರ ನಿಲ್ಲುತ್ತಾರೆ ಅಂತ. 'ಕಾಗೆ ಮುಟ್ಟಿತಾ' ಅನ್ನೋ ಪ್ರಶ್ನೆ ಯಾವ ಪ್ರಶ್ನಾವಳಿಯಲ್ಲೂ ನಾನು ನೋಡಿಲ್ಲ.

ನಿವೃತ್ತ ಬ್ಯಾಂಕ್ ನೌಕರ, ಬೆಂಗಳೂರು

ನಾನು ಹೋಗಿ ಬಂದವನು. 2021ರ ಮೇ ತಿಂಗಳಲ್ಲಿ ನನ್ನ ಹೆಂಡತಿ ಕೋವಿಡ್‌ನಿಂದ ಹೋದಳು. ಮುಖ ನೋಡಲು ಸಿಗಲಿಲ್ಲ. ಆಸ್ಪತ್ರೆಯಿಂದ ಸೀದಾ ಚಿತಾಗಾರ, ಅಲ್ಲಿ ಆಂಬುಲೆನ್ಸ್ ಸಾಲು. ಅಸ್ಥಿ ನಮಗೆ ಸಿಕ್ಕಿತು, ಅದೇ ಪುಣ್ಯ. ಮುಂದಿನ ತಿಂಗಳು ಯಾರೂ ಒಯ್ಯದೆ ಉಳಿದ ಅಸ್ಥಿಗಳನ್ನು ಸರ್ಕಾರವೇ ಮಳವಳ್ಳಿ ತಾಲ್ಲೂಕಿನ ಬೆಳಕವಾಡಿ ಹತ್ತಿರ ಕಾವೇರಿಗೆ ಬಿಟ್ಟಿತು. ಟಿವಿಯಲ್ಲಿ ಆ ಮಡಕೆಗಳ ಸಾಲು ನೋಡಿ ಎದ್ದು ಆಚೆ ಹೋದೆ.

ವರ್ಷ ಕಳೆದ ಮೇಲೆ ಮಗಳ ಬಲವಂತಕ್ಕೆ ಒಂದು ಕಡೆ ಹೋದೆ. ಹುಡುಗ ಒಳ್ಳೆಯವನೇ. ಗೋಡೆಯ ಮೇಲಿನ ಚಾರ್ಟ್ ತೋರಿಸಿ, ದುಃಖಕ್ಕೆ ಐದು ಹಂತ ಸರ್, ನೀವೀಗ ಎರಡನೆಯದರಲ್ಲಿದ್ದೀರಿ ಅಂದ. ನಾನೇನು ಎಸ್‌ಎಸ್‌ಎಲ್‌ಸಿ ಬರೆಯೋಕೆ ಬಂದಿದ್ದೀನಾ? ಎದ್ದು ಬಂದೆ. ಇನ್ನೊಂದು ಕಡೆ, ಎರಡು ತಿಂಗಳ ನಂತರ, ಸುಮ್ನೆ ದಾರಿಯಲ್ಲಿ ಕಂಡಿತು ಅಂತ ಒಳಗೆ ಹೋದೆ. ಅಲ್ಲಿದ್ದ ಹೆಣ್ಣುಮಗಳು ಸ್ವಲ್ಪ ಹೊತ್ತು ಕೇಳಿಸಿಕೊಂಡು, 'ಅವರ ಫೋನ್ ಏನು ಮಾಡಿದಿರಿ ಸರ್?' ಅಂದಳು. ಯಾರೂ ಕೇಳಿರಲಿಲ್ಲ. ನಾನು 28 ದಿನಕ್ಕೊಮ್ಮೆ ಅವಳ ನಂಬರಿಗೆ ರೀಚಾರ್ಜ್ ಮಾಡಿಸುತ್ತಿದ್ದೆ, ಮಕ್ಕಳಿಗೂ ಗೊತ್ತಿರಲಿಲ್ಲ. ಆ ಹುಡುಗಿ ನಿಲ್ಲಿಸಿ ಅನ್ನಲಿಲ್ಲ, ಮುಂದುವರಿಸಿ ಅಂತಲೂ ಅನ್ನಲಿಲ್ಲ. ಎಷ್ಟಾಗುತ್ತೆ ಸರ್ ರೀಚಾರ್ಜ್ ಅಂದಳು, ಇಬ್ಬರೂ ನಕ್ಕೆವು. ನಾನು ಮತ್ತೆ ಅಲ್ಲಿಗೆ ಹೋಗಿಲ್ಲ. ಬೇಕು ಅನ್ನಿಸಿಲ್ಲ. ನನ್ನನ್ನು ನೀವು 'ಅರ್ಧಕ್ಕೆ ಬಿಟ್ಟವರು' ಅಂತ ಬರೆದುಕೊಂಡರೆ ತಪ್ಪಾಗುತ್ತೆ, ಅದಕ್ಕೇ ಇಷ್ಟು ಉದ್ದ ಬರೆದೆ.

ಸಮಾಜಕಾರ್ಯ ಪಾಠ ಮಾಡುವವರು, ಮೈಸೂರು

ಮೇಲಿನ ಸರ್ ಹೇಳಿದ್ದು ಓದಿ ಆ ಚಾರ್ಟ್ ಬಗ್ಗೆ ಹೇಳಲೇಬೇಕು. ಐದು ಹಂತ ಬಂದಿದ್ದು 1969ರಲ್ಲಿ, ಕೂಬ್ಲರ್ ರಾಸ್ ಅನ್ನೋ ಮನೋವೈದ್ಯೆಯಿಂದ. ಆಕೆ ಮಾತಾಡಿಸಿದ್ದು ಸಾವಿನ ಹತ್ತಿರ ಇದ್ದ ರೋಗಿಗಳನ್ನು, ಅವರನ್ನು ಕಳೆದುಕೊಂಡ ಮನೆಯವರನ್ನಲ್ಲ. ಆಮೇಲೆ ಅದು ಎಲ್ಲರ ಗೋಡೆಗೂ ಹತ್ತಿಕೊಂಡಿತು. ನಿಮ್ಮ ಎರಡನೇ ಅಧ್ಯಾಯದಲ್ಲಿ ದಯವಿಟ್ಟು ಅದಕ್ಕೆ ಮೂರು ಪುಟ ಕೊಡಬೇಡಿ. ಸ್ಟ್ರೋಬ ಮತ್ತು ಶುಟ್ 1999ರಲ್ಲಿ ಹೇಳಿದ್ದನ್ನು ಓದಿ. ಕಳೆದುಕೊಂಡವರು ಒಂದು ಗಳಿಗೆ ಹೋದವರ ಕಡೆ ವಾಲುತ್ತಾರೆ, ಇನ್ನೊಂದು ಗಳಿಗೆ ಬದುಕಿನ ಕೆಲಸದ ಕಡೆ, ಹೀಗೆ ತೂಗಾಡುತ್ತಲೇ ಇರುತ್ತಾರೆ ಅಂತ ಅವರ ಮಾತು. ಖಾತೆ ಅರ್ಜಿಯ ಮುಂದೆ ಪೆನ್ನು ನಿಲ್ಲಿಸಿದ ಆ ಹೆಂಗಸು ಅದೇ ಅಲ್ವಾ?

ಎರಡನೇ ಸಲ ಬರಲಿಲ್ಲ ಅಂತ ತಲೆ ಕೆಡಿಸಿಕೊಳ್ಳಬೇಡಿ. ಅಮೆರಿಕದಲ್ಲಿ ಮೋಶೆ ಟಾಲ್ಮನ್ ಅನ್ನುವವರಿಗೂ ಒಂದೇ ಸಲ ಬಂದು ಹೋದವರು ಯಾಕೆ ಬರಲಿಲ್ಲ ಅಂತ ಅನುಮಾನ ಬಂದು, ಅಂಥ ತಮ್ಮ 200 ಜನರನ್ನು ಹುಡುಕಿ ಕೇಳಿದರು. ಬಹುಪಾಲು ಜನ ನಮಗೆ ಬೇಕಾದದ್ದು ಸಿಕ್ಕಿತು ಅಂದರು. ಒಂದೇ ಭೇಟಿಯ ಸಮಾಲೋಚನೆ ಅನ್ನೋ ಪದ್ಧತಿ 1990ರ ಹೊತ್ತಿಗೆ ಅಲ್ಲಿಂದ ಬೆಳೆಯಿತು, ಕೆನಡಾದ ಕ್ಯಾಲ್ಗರಿಯಲ್ಲಿ ಬಂದವರನ್ನು ಬಂದ ಹಾಗೆ ನೋಡುವ ಕೇಂದ್ರವೂ ಆಗಲೇ ಶುರುವಾಯಿತು. ನಿಮ್ಮ ಪ್ರಾಜೆಕ್ಟಿಗೆ ಇದೇ ಬುಡ. 40 ಜನರ ಅಂಕ ಕೂಡಿಸುವ ಬದಲು ಎಂಟು ಹತ್ತು ಜನರ ಆ ಒಂದು ಭೇಟಿಯನ್ನೇ ಪೂರ್ತಿ ಬರೆಯಿರಿ. ಬಾಗಿಲಿಗೆ ಯಾಕೆ ಬಂದರು, ಯಾರು ಕಳಿಸಿದರು, ಮೊದಲ ಮಾತು ಏನು, ಯಾವ ಮಾತಿಗೆ ಎದ್ದರು. ಗೈಡ್ ಹತ್ತಿರ ನಾನು ಬೇಕಾದರೆ ಮಾತಾಡುತ್ತೇನೆ.

ಇನ್ನು ಯಾರನ್ನು ವೈದ್ಯರಿಗೆ ತೋರಿಸಬೇಕು ಅನ್ನೋದು. ಬಿಡದೆ ಕಾಡುವ ಶೋಕವನ್ನು ಈಗ ಕಾಯಿಲೆ ಅಂತಲೇ ಪಟ್ಟಿಗೆ ಸೇರಿಸಿದ್ದಾರೆ. ಸಾವಾಗಿ ಎಷ್ಟು ಕಾಲ ಆಗಿರಬೇಕು ಅಂದರೆ, ವಿಶ್ವ ಆರೋಗ್ಯ ಸಂಸ್ಥೆಯ ಕಾಯಿಲೆಗಳ ಪಟ್ಟಿ ಐಸಿಡಿ 11ರಲ್ಲಿ ಕನಿಷ್ಠ 6 ತಿಂಗಳು, ಅಮೆರಿಕದ ಮನೋರೋಗಗಳ ಕೈಪಿಡಿ ಡಿಎಸ್‌ಎಂನ 2022ರ ಪರಿಷ್ಕರಣೆಯಲ್ಲಿ ದೊಡ್ಡವರಿಗೆ 12 ತಿಂಗಳು. ಆಯಾ ಸಮಾಜದ ರೂಢಿ ಮೀರಿದ್ದರೆ ಮಾತ್ರ ಅಂತ ಎರಡರಲ್ಲೂ ಇದೆ. ಆ ಸಾಲನ್ನು ಎಲ್ಲರೂ ಹಾರಿಸಿಬಿಡುತ್ತಾರೆ.

ಕ್ಷೇತ್ರ ಕಾರ್ಯಕರ್ತ, ಹಾವೇರಿ

ತಂಗಿ, ಆತ್ಮಹತ್ಯೆ ಆದ ಮನೆಗೆ ಹೋಗುವುದಿದ್ದರೆ ಒಂದು ಮಾತು ಕೇಳು. ರೈತ ಸತ್ತ ಮನೆಯಲ್ಲಿ ನೀನು ಹೋಗುವ ಮೊದಲೇ ಆ ಕಥೆಯನ್ನು ಅವರು ಐದಾರು ಸಲ ಹೇಳಿರುತ್ತಾರೆ. ಪೊಲೀಸರಿಗೆ ಯುಡಿಆರ್‌ಗೆ (ಅಸಹಜ ಸಾವಿನ ವರದಿಗೆ), ಪಂಚನಾಮೆಗೆ, ಗ್ರಾಮಲೆಕ್ಕಿಗನಿಗೆ, ಕೃಷಿ ಇಲಾಖೆಗೆ, ಬ್ಯಾಂಕಿಗೆ. ಪರಿಹಾರದ 5 ಲಕ್ಷ ಕೊಡಬೇಕೋ ಬೇಡವೋ ಅಂತ ಉಪವಿಭಾಗಾಧಿಕಾರಿ ಸಮಿತಿ ನೋಡುತ್ತದೆ. ಸಾಲಕ್ಕೆ ಸತ್ತನೋ ಕುಡಿದು ಸತ್ತನೋ ಅಂತ ಅಳೆಯುತ್ತಾರೆ. ಹಂಗಾಗಿ ನೀನು ಫೈಲು ಹಿಡಿದು ಕೂತ ಕೂಡಲೇ ಸಾಲದ ಲೆಕ್ಕ ಬಾಯಿಪಾಠ ಒಪ್ಪಿಸುತ್ತಾರೆ. ಅದು ಸುಳ್ಳು ಅಂತಲ್ಲ, ಆದರೆ ನಿನಗೆ ಬೇಕಾದದ್ದು ಅದಲ್ಲ. ನಾನು ಮೊದಲ ಎರಡು ಭೇಟಿಗೆ ಪೆನ್ನೇ ಒಯ್ಯುವುದಿಲ್ಲ. ಒಂದು ಮನೆಯಲ್ಲಿ ಮೂರನೇ ಸಲ ಹೋದಾಗ ತಾಯಿ ಕೇಳಿದಳು, 'ಅವತ್ತು ಮುಂಜಾನೆ ರೊಟ್ಟಿ ತಿಂದಿರಲಿಲ್ಲ, ನಾನೇ ಬೈದಿದ್ದೆ, ಅದಕ್ಕೇ ಹೋದನೇನು?' ಸಮಿತಿಯ ಮುಂದೆ ಆಕೆ ಇದನ್ನು ಹೇಳಿರಲಿಲ್ಲ.

ಕೇಳಿದವರು

ಎಲ್ಲರಿಗೂ ಥ್ಯಾಂಕ್ಸ್. ರಿಜಿಸ್ಟರ್ ತೆಗೆದು ನೋಡಿದೆ. ಮೂರು ತಿಂಗಳಲ್ಲಿ 'ಪ್ರಮಾಣಪತ್ರದ ಮಾಹಿತಿ' ಅಂತ ಬಂದವರೇ 31 ಜನ, ನನ್ನ ಮೇಜಿನ ಪಕ್ಕದ ಮೇಜಿಗೆ! ಗೈಡ್ ಹತ್ತು ಜನಕ್ಕೆ ಒಪ್ಪಿದ್ದಾರೆ. ಈಗ ಒಂದೇ ಭಯ. ಮಾತಾಡುವಾಗ ಅವರು ಅತ್ತರೆ ರೆಕಾರ್ಡರ್ ಆಫ್ ಮಾಡಬೇಕಾ?

ಆಪ್ತಸಮಾಲೋಚಕಿ, ಮಂಡ್ಯ ಜಿಲ್ಲೆ

ಅವರನ್ನೇ ಕೇಳಿ. 'ಇದನ್ನು ನಿಲ್ಲಿಸಲಾ' ಅಂತ ಒಂದೇ ಮಾತು. ಕೆಲವರು ಇರಲಿ ಬಿಡಿ ಅಂತಾರೆ. ಟಿಶ್ಯೂ ಡಬ್ಬ ಮುಂದೆ ತಳ್ಳಬೇಡಿ, ಅಳು ಸಾಕು ಅಂದ ಹಾಗೆ ಕೇಳಿಸುತ್ತೆ ಅದು. ನೀರು ಇಟ್ಟಿರಿ. ಸಮಾಲೋಚನೆ ನೀವೇ, ಸಂಶೋಧನೆಯೂ ನೀವೇ ಆಗಬೇಡಿ, ಅವರಿಗೆ ಬೇಡ ಅನ್ನೋಕೆ ಬಾಯಿ ಬರಲ್ಲ. ಸಮಾಲೋಚನೆ ಪಕ್ಕದ ಮೇಜಿನವರು ಮಾಡಲಿ, ನೀವು ಒಂದು ವಾರ ಬಿಟ್ಟು ಅವರ ಮನೆಗೆ ಹೋಗಿ ಮಾತಾಡಿಸಿ. ಹೊರಡುವಾಗ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ ನಂಬರ್ 14416 ಚೀಟಿಯಲ್ಲಿ ದಪ್ಪಕ್ಷರದಲ್ಲಿ ಬರೆದುಕೊಡಿ, ಫ್ರೀ, ರಾತ್ರಿಯೂ ಎತ್ತುತ್ತಾರೆ, ಕನ್ನಡದಲ್ಲಿ ಮಾತಾಡಬಹುದು. ಸಾಯಬೇಕು ಅನ್ನೋ ಮಾತು ಬಂದರೆ ಚೀಟಿ ಕೊಟ್ಟು ಬರಬೇಡಿ, ಮನೆಯಲ್ಲಿ ಇನ್ನೊಬ್ಬರು ಬರುವ ತನಕ ಕೂತಿರಿ, ಅಲ್ಲಿಂದಲೇ ನಿಮ್ಮ ಕೇಂದ್ರಕ್ಕೆ ಫೋನ್ ಮಾಡಿ.

ಮತ್ತೆ ಹಳ್ಳಿಗೆ ಹೋಗುವುದಾದರೆ ಕೊನೇ ಬಸ್ಸು ನಂಬಿಕೊಂಡು ಹೋಗಬೇಡಿ. ಜನ ಮುಖ್ಯವಾದದ್ದು ಹೇಳೋದೇ ನೀವು ಚಪ್ಪಲಿ ಹಾಕಿಕೊಳ್ಳುವಾಗ.